ಕಿರುನಾಲಿಗೆ ಕೊಯ್ಸಿದವಳು

"ಇದನ್ನ ಕೊಯ್ದಿದ್ಯಾರು?"

ಹುಡುಗಿಯ ಬಾಯೊಳಗೆ ಬೆಳಕು ಬಿಟ್ಟು ನೋಡುತ್ತಿದ್ದ ಡಾಕ್ಟರ್ ಲುಟೊಂಜ ತಲೆ ಎತ್ತದೆಯೇ ಕೇಳಿದ. ಪಕ್ಕದಲ್ಲಿ ನಿಂತಿದ್ದ ಮಿಲೆಂಬೆ ಒಂದು ಹೆಜ್ಜೆ ಮುಂದೆ ಬಂದಳು.

"ನಾನೇ ಕೊಯ್ಸಿದ್ದು ಡಾಕ್ಟ್ರೇ. ಸದಾ ಮೂಗು ಕಟ್ಟೋದು, ಗೊರಕೆ... ಕಿರುನಾಲಿಗೆ ಉದ್ದ ಆಗಿದೆ, ಕೊಯ್ಸಿಬಿಡು ಅಂತ ನಮ್ಮ ಮೀನಿನ ದಡದಲ್ಲಿ ಎಲ್ಲರೂ ಅಂದ್ರು."

"ಕುತ್ತಿಗೆ ಗಂಟು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ವಾ?"

"ಗಾಯ ಮಾಗಿದ್ಮೇಲೆ ಅದೂ ಇಳಿಯುತ್ತೆ ಅಂದ್ಕೊಂಡೆ."

"ಯಾವಾಗಿಂದ ಕಾಯ್ತಿದ್ದೀರಿ?"

"ಹೋದ ಮಳೆಗಾಲದಿಂದ..."

'ಎಂಥಾ ಒರಟ ಇವನು' ಅಂದುಕೊಂಡಳು. ಮಿಂಜಾ ಅವಳ ಅಕ್ಕನ ಮಗಳು. ಹೆರಿಗೆಯಲ್ಲಿ ಅಕ್ಕ ಹೋದಂದಿನಿಂದ ಮ್ವಾಂಜಾ ಊರಿನ ಸರೋವರದಂಚಿನಲ್ಲಿ ದಗಾ ಎಂಬ ಸಣ್ಣ ಮೀನು ಒಣಗಿಸಿ ಮಾರುತ್ತಾ ಸಾಕಿದವಳು ಇವಳೇ.

ಲುಟೊಂಜ ಮೂಗಿನೊಳಗೆ ತೆಳ್ಳನೆ ಕೊಳವೆ ಇಳಿಸಿದ. ಮೂಗಿನ ಹಿಂದೆ, ಗಂಟಲು ಶುರುವಾಗುವಲ್ಲಿ, ಗಡ್ಡೆ ಕಂಡಿತು. ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದ. ಕ್ಷಯ ಇದ್ದರೂ ಇರಬಹುದು ಎಂದಿದ್ದ. ಫಲಿತಾಂಶ ಬಂದ ದಿನ ಅವನೇ ಹೊರಗೆ ಬಂದು ಬೆಂಚಿನಲ್ಲಿ ಅವಳ ಪಕ್ಕ ಕೂತ.

"ಕ್ಯಾನ್ಸರ್. ಮಕ್ಕಳಲ್ಲಿ ಇದು ಅಪರೂಪ."

ಮಿಲೆಂಬೆ ಅವನ ಕಡೆ ತಿರುಗಿದಳು.

"ನಾನು ಕೊಯ್ಸಿದ್ದಕ್ಕೆ ಬಂತಾ?"

"ಇಲ್ಲ. ಗಡ್ಡೆಗೂ ಅದಕ್ಕೂ ಸಂಬಂಧ ಇಲ್ಲ."

"ತಡ ಮಾಡಿದ್ದಕ್ಕೆ...?"

ಲುಟೊಂಜ ಅವಳ ಮುಖ ನೋಡಿದ.

"ಅದರಿಂದ ಏನೂ ವ್ಯತ್ಯಾಸ ಆಗಿಲ್ಲ."

ಆ ಒಂದು ಮಾತನ್ನು ಮಿಲೆಂಬೆ ಎದೆಗೆ ಅವಚಿಕೊಂಡಳು.

ಔಷಧಿ ರಕ್ತಕ್ಕಿಳಿಯಿತು. ಮಿಂಜಾಳ ಕೂದಲು ಉದುರಿತು. ಆಮೇಲೆ ಮುಖದ ಅಚ್ಚಿನ ಮುಸುಕು ತೊಡಿಸಿ ವಿಕಿರಣ ಕೊಟ್ಟರು. ಬಾಯೆಲ್ಲ ಹುಣ್ಣು. ಒಂದು ದಿನ ಯಾರೆಷ್ಟು ಹೇಳಿದರೂ ಹುಡುಗಿ ಬಾಯಿ ತೆರೆಯಲಿಲ್ಲ.

ಲುಟೊಂಜ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ತಾನೇ ಬಾಯಿ ತೆರೆದ.

"ನೋಡು, ನನಗೂ ಕಿರುನಾಲಿಗೆ ಇಲ್ಲ."

ಮಿಂಜಾ ಬಗ್ಗಿ ನೋಡಿದಳು. "ಯಾರು ಕೊಯ್ದ್ರು?"

"ಊರ ತಾತ. ಅಮ್ಮ ಕಾಲು ಹಿಡ್ಕೊಂಡಿದ್ಲು. ನಾನು ಅವಳನ್ನ ಒದ್ದೆ."

"ಚಿಕ್ಕಮ್ಮಾ, ಡಾಕ್ಟ್ರಿಗೆ ಇನ್ನೂ ಮದುವೆ ಯಾಕಾಗಿಲ್ಲ ಗೊತ್ತಾ? ಒಂದು ಸಾಮಾನು ಕಮ್ಮಿ ಇರೋನಿಗೆ ಯಾರು ಹೆಣ್ಣು ಕೊಡ್ತಾರೆ?"

ಮಿಲೆಂಬೆ ಮೈಮೇಲೆ ಹೊದ್ದ ಕಾಂಗಾ ಬಟ್ಟೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಲುಟೊಂಜ ಅವಳನ್ನೇ ನೋಡುತ್ತಾ ಉಳಿದ... ಆಮೇಲೆ ಅವಸರವಾಗಿ ದೀಪ ಹುಡುಕತೊಡಗಿದ.

ಅಂದಿನಿಂದ ಗಂಜಿ ಆರಿಸಿ ತರುವ ನೆಪದಲ್ಲಿ ಮಿಲೆಂಬೆ ಹೊರಗೆ ಹೋಗಿ, ಅವನು ಬರುವ ಹೊತ್ತಿಗೆ ತಲೆ ಬಾಚಿಕೊಂಡಿರುತ್ತಿದ್ದಳು. 'ಮಗು ಹೀಗಿರುವಾಗ ನನಗೆಂಥಾ ಆಸೆ...' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದು ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಅವನ ದನಿ ಕೇಳಿ ನಿಂತಳು. ವಿದ್ಯಾರ್ಥಿಗಳಿಗೆ ಮಿಂಜಾಳ ವಿಷಯ ಹೇಳುತ್ತಿದ್ದ.

"ಈಗ ಯಕೃತ್ತಿಗೂ ಹರಡಿದೆ. ಗಂಟು ಕಂಡ ಹೊಸದರಲ್ಲಿ ಬಂದಿದ್ರೆ, ಇಂಥ ಮಕ್ಕಳು ಹೆಚ್ಚಿನವರು ಬದುಕ್ತಾರೆ. ಇಲ್ಲಿ ತಡವೇ ಮುಳುವಾಯ್ತು."

'ಹಾಗಾದರೆ ನನಗೆ ಹೇಳಿದ್ದು?'

ಅವಳು ಮತ್ತೆ ಅವನ ಮುಖ ನೋಡಲಿಲ್ಲ.

ಬೇಸಿಗೆ ಬರುವ ಮೊದಲೇ ಮಿಂಜಾ ಅವಳ ತೊಡೆಯ ಮೇಲೆ ಕಣ್ಣು ಮುಚ್ಚಿದಳು. ಮಣ್ಣಿಗೆ ಬಂದ ಲುಟೊಂಜ ಗಂಡಸರ ಗುಂಪಿನಲ್ಲಿ ನಿಂತಿದ್ದ. ಮಿಲೆಂಬೆ ಮುಖದ ಮೇಲೆ ಕಾಂಗಾ ಎಳೆದುಕೊಂಡು ಒಳಗೆ ಹೋದಳು. ಅಳು ಬರಲಿಲ್ಲ.

ದುಃಖ ಕೇಳಲು ಬಂದವರಿಗೆ ಹಾಸಿದ್ದ ಸಾವಿನ ಚಾಪೆಗಳನ್ನು ಮಡಚಿದ ಮೇಲೆ, ಒಂದು ಮಧ್ಯಾಹ್ನ ಅವನು ದಡಕ್ಕೆ ಬಂದ. ಅವಳು ಮರಳಿನ ಮೇಲೆ ಮೀನು ಹರಡುತ್ತಿದ್ದಳು.

ಪಕ್ಕದ ಹ್ವೋಲೋ ಅಜ್ಜಿ ಕೂಗಿದಳು. "ಬೂಟು ತೆಗೀರಿ ಸ್ವಾಮಿ, ಅದು ನಮ್ಮ ಊಟ, ನಿಮ್ಮ ರಸ್ತೆ ಅಲ್ಲ."

ಅವನು ಬೂಟು ಕಳಚಿದ. ಮಿಲೆಂಬೆ ತಲೆ ಎತ್ತಲಿಲ್ಲ.

"ನನಗೆ ಸುಳ್ಳು ಹೇಳಿದ್ರಿ."

"ಹೌದು."

"ಈಗ ನಿಜ ಹೇಳಿ. ಬೇಗ ಕರ್ಕೊಂಡು ಬಂದಿದ್ರೆ ಬದುಕ್ತಿದ್ಲಾ?"

ಅವನು ಕೈಯಲ್ಲಿದ್ದ ಬೂಟನ್ನು ಮರಳಿನ ಮೇಲಿಟ್ಟ.

"ಬದುಕೋ ಸಾಧ್ಯತೆ ಹೆಚ್ಚಿತ್ತು. ಬದುಕೇ ಬದುಕ್ತಿದ್ಲು ಅಂತ ಯಾರೂ ಹೇಳಲಾರರು."

ಮಿಲೆಂಬೆ ಮರಳಿನ ಮೇಲೆ ಕುಸಿದಳು. ಇಷ್ಟು ದಿನ ಬಾರದ ಅಳು ಈಗ ಬಂತು. ಅವನು ಮುಟ್ಟಲಿಲ್ಲ, ಅಳಬೇಡಿ ಎನ್ನಲಿಲ್ಲ. ಬೆಳ್ಳಕ್ಕಿಗಳು ಮೀನಿಗೆ ಇಳಿಯತೊಡಗಿದವು. ಅವನು ಬರಿಗಾಲಲ್ಲಿ ಅತ್ತ ಇತ್ತ ಓಡಾಡುತ್ತಾ, ಅವಳ ಅಳು ತೀರುವವರೆಗೆ ಹಕ್ಕಿಗಳನ್ನು ಅಟ್ಟುತ್ತಿದ್ದ.

"ಯಾಕೆ ಸುಳ್ಳು ಹೇಳಿದ್ರಿ?" ಎಂದು ಕೇಳಿದಳು.

"ನಿಜ ಹೇಳಿದ್ರೆ ಮಗು ಪಕ್ಕ ಕೂರೋ ಶಕ್ತಿ ನಿಮಗೆ ಉಳಿಯಲ್ಲ ಅನ್ನಿಸ್ತು. ಆಮೇಲೆ... ನೀವು ನನ್ನ ದ್ವೇಷ ಮಾಡ್ತೀರಿ ಅಂತ ಹೆದರಿದೆ."

"ಈಗ ಹೆದರಿಕೆ ಇಲ್ವಾ?"

"ಇದೆ. ಆದ್ರೂ ನಿಮ್ಮನ್ನ ಬಿಟ್ಟಿರೋಕೆ ಆಗ್ತಿಲ್ಲ ಮಿಲೆಂಬೆ."

ಅವಳು ಕಣ್ಣೊರೆಸಿಕೊಂಡಳು.

"ನಾನು ಇದನ್ನ ನೆನೆಸ್ಕೊಂಡು ಮುದುಕಿ ಆಗೋವರೆಗೂ ಅಳ್ತೀನಿ."

"ಗೊತ್ತು."

"ಸಮಾಧಾನ ಮಾಡೋಕೆ ಬರಬಾರದು."

"ಬರಲ್ಲ. ಪಕ್ಕದಲ್ಲಿ ಇರ್ತೀನಿ."

ಮಿಲೆಂಬೆ ಮೀನಿನ ಬುಟ್ಟಿಯನ್ನು ಆಚೆ ಸರಿಸಿದಳು.

"ಕೂತ್ಕೋ," ಎಂದಳು.