ಸೆರಗಿನ ಮುಂದೆ ತೆಗೆದ ಫೋಟೋ

2006ರ ಜೂನ್ 12, ಬೆಳಿಗ್ಗೆ ಹತ್ತೂವರೆ. ಮರಾಠಿ ಸೀಮೆಯ ಇತವಾರಿ ಠಾಣೆಗೆ ಬಂದ ಕೈಗಾಡಿ ಎಳೆಯುವ ರಾಮಾಜಿ ಮೇಶ್ರಾಮ್ ಕುರ್ಚಿ ತೋರಿಸಿದರೂ ಕೂರಲಿಲ್ಲ. ಆದಾಯ ತೆರಿಗೆಯ ನೋಟಿಸನ್ನು ಇನ್‌ಸ್ಪೆಕ್ಟರ್ ಗುರುಸಿದ್ದಪ್ಪನವರ ಮೇಜಿನ ಮೇಲಿಟ್ಟು ಅಳತೊಡಗಿದ. ಅವನ ಹೆಸರಿನ ಬ್ಯಾಂಕ್ ಖಾತೆಯಲ್ಲಿ ನಲವತ್ತು ಲಕ್ಷ ಓಡಾಡಿತ್ತು.

“ನಾನು ಬ್ಯಾಂಕಿನ ಮೆಟ್ಟಿಲು ಹತ್ತಿದವನೇ ಅಲ್ಲ, ಸಾಹೇಬ. ಲಕ್ಷಾಧೀಶನಿಗೆ ರೇಷನ್ ಯಾಕೆ ಅಂತ ಕಾರ್ಡ್ ಕಿತ್ತುಕೊಂಡರು. ಮಕ್ಕಳಿಗೆ ಏನು ಹಾಕಲಿ?” ಎಂದು ಮರಾಠಿಯಲ್ಲಿ ಕೇಳಿದ.

“ಯಾರಿಗಾದರೂ ಫೋಟೋ ಕೊಟ್ಟಿದ್ದೆಯಾ?”

“ವಿಮೆ ಮಾಡಿಸ್ತೀವಿ ಅಂತ, ನಾವು ಸರಕು ಸಾಗಿಸೋ ಸೇಠ್ ನಮ್ಮನ್ನೆಲ್ಲ ಗೋದಾಮಿಗೆ ಕರೆಸಿದ್ದ. ಹಗ್ಗಕ್ಕೆ ಬಟ್ಟೆ ಇಳಿಬಿಟ್ಟು ಒಬ್ಬ ಸಾಹೇಬ ಫೋಟೋ ತೆಗೆದ. ಮುಖದ ತುಂಬ ಕ್ಯಾಮೆರಾ, ಗುರುತು ಹತ್ತಲಿಲ್ಲ.”

ಎಫ್‌ಐಆರ್ ದಾಖಲಾಯಿತು. ಸೇಠ್‌ನ ಗೋದಾಮಿಗೆ ಬೀಗ ಬಿದ್ದಿತ್ತು. ಗುರುಸಿದ್ದಪ್ಪ ಕಾನ್‌ಸ್ಟೆಬಲ್ ವಾಸಂತಿಯೊಂದಿಗೆ ನೇರ ಬ್ಯಾಂಕಿಗೆ ಹೋದರು. ಇನ್‌ಸ್ಪೆಕ್ಟರರ ಕನ್ನಡದ ಹೆಸರು ಕೇಳಿದ್ದೇ ತಡ, ಮ್ಯಾನೇಜರ್ ಗಿರಿಧರ ಅರಳಿದ.

“ಬರ್ರಿ ಬರ್ರಿ, ನಮ್ಮ ಕಡೇವ್ರು! ಕಪ್ಪು ಹಣ ಬಿಳಿ ಮಾಡೋದನ್ನ ತಡೀಲಿಕ್ಕೆ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ಕಾರ್ಯಪಡೆ ನಲವತ್ತು ಶಿಫಾರಸು ಕೊಟ್ಟೈತಿ. ಗ್ರಾಹಕ ಯಾರು ಅಂತ ತಿಳ್ಕೊಳ್ಳೋದು ಭಾಳ ಮುಖ್ಯ. ಸಿಬ್ಬಂದಿಗೆ ಈ ಪಾಠ ಹೇಳಾವ ನಾನ. ಫೋಟೋ ಐತಿ, ಹೆಬ್ಬೆಟ್ಟು ಐತಿ. ಎಲ್ಲಾ ಬರೋಬರ್ ಐತ್ರಿ.”

ಹನ್ನೊಂದು ಮಂದಿ ಹಮಾಲರ ಹೆಸರಿನ ಅರ್ಜಿಗಳು ಮೇಜಿಗೆ ಬಂದವು. ನಿಯಮ ಕೇಳಿದ್ದ ಫೋಟೋ ಪ್ರತಿಯೊಂದರಲ್ಲೂ ಇತ್ತು. ಎಲ್ಲರ ಹೆಗಲ ಹಿಂದೆಯೂ ಅದೇ ಬಟ್ಟೆ, ಅಂಚಿನಲ್ಲಿ ಹಲ್ಲಿನಂಥ ಕೆಂಪು-ಬಿಳಿ ನೇಯ್ಗೆ, ಮಗ್ಗುಲಲ್ಲೇ ಇಸ್ತ್ರಿ ಸುಟ್ಟ ಕಲೆ. ಗುರುಸಿದ್ದಪ್ಪ ಒಂದು ಅರ್ಜಿಯನ್ನು ಕಣ್ಣಿನ ಹತ್ತಿರ ಹಿಡಿದರು. ತಾಯಿಯ ಇಳಕಲ್ ಸೀರೆಯ ಅಂಥದೇ ಸೆರಗಿಗೆ ಮುಖ ಒರೆಸಿಕೊಂಡೇ ಅವರು ಬೆಳೆದಿದ್ದರು. ಈ ಶಾಖೆಯವರ ಪೈಕಿ ಅಂಥ ಸೀರೆ ಇರಬಹುದಾದ ಮನೆ ಒಂದೇ, ಕನ್ನಡದ ಮ್ಯಾನೇಜರನದು. ತಮ್ಮ ಲೆಕ್ಕ ತಪ್ಪಾಗಲಪ್ಪ ಎಂದು ದೇವರನ್ನು ಬೇಡಿಕೊಂಡರು.

ತಪ್ಪಾಗಲಿಲ್ಲ. ಮರುದಿನ ಸಂಜೆ ಸಾಕ್ಷಿಗೆ ಕರೆದ ಇಬ್ಬರು ಪಂಚರ ಎದುರು ಗಿರಿಧರನ ಮನೆ ಶೋಧಿಸಿದಾಗ, ಅವನ ಹೆಂಡತಿ ವತ್ಸಲಾ ಏನೂ ಅರಿಯದೆ ತಾನೇ ಸೀರೆ ತಂದು ಕೊಟ್ಟಳು. “ನಮ್ಮವ್ವಂದ್ರಿ ಇದು. ಕಲೆ ನೋಡಬ್ಯಾಡ್ರಿ, ನಾನ ಸುಟ್ಟೀನಿ.”

ವಾಸಂತಿ ಪಂಚನಾಮೆ ಬರೆಯತೊಡಗಿದಳು. ಗುರುಸಿದ್ದಪ್ಪ ಪಂಚರಿಗೂ ತಿಳಿಯಲೆಂದು ಮರಾಠಿಯಲ್ಲಿ ಪ್ರಶ್ನೆ ಶುರು ಮಾಡಿದರು. ಗಿರಿಧರ ಕೈ ಮುಗಿದ.

“ಕನ್ನಡದಾಗ ಕೇಳ್ರಿ, ಸಾಹೇಬ್ರ. ನಿಮ್ಮ ಕಾಲಿಗೆ ಬೀಳ್ತೀನಿ.”

ಬಾಗಿಲಲ್ಲಿ ಅವನ ಎಂಟು ವರ್ಷದ ಮಗಳು ಮೃದುಲಾ ನಿಂತಿದ್ದಳು. ಅವಳ ಕಣ್ಣು ಇನ್‌ಸ್ಪೆಕ್ಟರರ ತುಟಿಯ ಮೇಲಿತ್ತು.

“ಅಕಿಗೆ ಕಿವಿ ಕೇಳಂಗಿಲ್ರಿ. ತುಟಿ ನೋಡಿ ತಿಳ್ಕೋತಾಳ, ಅದೂ ಮರಾಠಿ ಅಷ್ಟ. ಎರಡು ಊರಿಗೆ ವರ್ಗ ಆತು, ಎರಡು ಭಾಷಾ ಅರ್ಧಕ್ಕ ನಿಂತ್ವು. ಇಲ್ಲಿ ಸಾಲಿಗೆ ಹಾಕಿದ ಮ್ಯಾಲೆ ಮೊದಲನೇ ಸಲ ‘ಬಾಬಾ’ ಅಂದ್ಲು. ಅಷ್ಟ್ರಾಗ ಗುವಾಹಾಟಿಗೆ ವರ್ಗದ ಆರ್ಡರ್ ಬಂತು. ಸೇಠ್‌ಗೆ ಹೆಡ್ ಆಫೀಸ್‌ನ್ಯಾಗ ಕೈ ಇತ್ತು. ಹಮಾಲರ ಹೆಸರಿನ್ಯಾಗ ಖಾತೆ ತೆಗೀರಿ, ಆರ್ಡರ್ ನಿಲ್ಲಿಸ್ತೀನಿ ಅಂದ.”

“ಮೇಶ್ರಾಮನ ಮಕ್ಕಳು ಮಕ್ಕಳಲ್ಲೇನ್ರಿ?”

ಗುರುಸಿದ್ದಪ್ಪನವರಿಗೆ ಗಿರಿಧರನ ಮೇಲೆ ಸಿಟ್ಟಿತ್ತು, ಅಷ್ಟೇ ಸಂಕಟವೂ ಇತ್ತು. ಬಂಧನದ ಮಾತನ್ನು ಕನ್ನಡದಲ್ಲಿ ಹೇಳಿ, ಪಂಚರನ್ನು ಹೊರಗೆ ಕರೆದು ವಿವರಿಸಿದರು. ಕೈಬೇಡಿಯನ್ನು ಜೇಬಿನಲ್ಲೇ ಬಿಟ್ಟರು.

ಹೊಸ್ತಿಲಲ್ಲಿ ಗಿರಿಧರ ಮಗಳೆದುರು ಕುಕ್ಕರಗಾಲಲ್ಲಿ ಕೂತ. ದನಿಯಿಲ್ಲದೆ, ಒಂದೊಂದೇ ಅಕ್ಷರಕ್ಕೆ ತುಟಿ ಅಗಲಿಸಿ, ನಾಳೆ ಬರುತ್ತೇನೆ ಎಂದು ಮರಾಠಿಯಲ್ಲಿ ಹೇಳಿದ.

ಮೃದುಲಾ ಅದನ್ನು ಸರಿಯಾಗಿ ಓದಿಕೊಂಡಳು. ತಲೆಯಾಡಿಸಿ ಒಳಗೆ ಆಡಲು ಹೋದಳು.