ಮಾಯವಾದ ಬೇರಿನ ಪುಡಿ

ಕಪಾಟು ತೆರೆದ ದ್ರಾಕ್ಷಾಯಣಿ ಅಲ್ಲೇ ನಿಂತುಬಿಟ್ಟರು. ಡಬ್ಬಿ ಇಲ್ಲ. ಚೀನೀ ವೈದ್ಯರು ಕೊಟ್ಟ ಬೇರಿನ ಪುಡಿ, ದಿನಕ್ಕೊಂದರಂತೆ ಕಟ್ಟಿದ ಪೊಟ್ಟಣಗಳು — ಡಬ್ಬಿ ಸಮೇತ ಮಾಯ.

2016, ನ್ಯೂಜಿಲೆಂಡಿನ ಜುಲೈ ಚಳಿ. ಲೋವರ್ ಹಟ್‌ನ ಆ ಮನೆಗೆ ವಂದನಾ ಕೋಟು ಹಾಕಿಕೊಳ್ಳುತ್ತಲೇ ಓಡಿಬಂದಳು. ಹಿಂದಿನ ಬೀದಿಯವಳು, ಮೈಸೂರಿನವಳು. ಸಸ್ಯೌಷಧಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. ಕಳುವು ಪತ್ತೆಹಚ್ಚುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬುದು ಅವಳ ಅಭಿಪ್ರಾಯ. ಅದೇನೂ ಸುಳ್ಳಲ್ಲ.

"ಪುಡಿ ಇಲ್ದಿದ್ರ ನನ್ನ ಕೈಬಟ್ಟು ಮತ್ತ ಸೊಟ್ಟ ಆಗ್ತಾವ," ಎಂದರು ದ್ರಾಕ್ಷಾಯಣಿ.

ಸಂಧಿವಾತ ಅವರನ್ನು ಹಿಂಡಿ ಹಿಪ್ಪೆ ಮಾಡಿತ್ತು. ಆಸ್ಪತ್ರೆಯ ಮಾತ್ರೆ ವಿಷವೆಂದು ಹಟ ಹಿಡಿದಿದ್ದರು. ಈ ಪುಡಿ ಕುಡಿಯತೊಡಗಿದ ಮೇಲೆ ಮತ್ತೆ ರೊಟ್ಟಿ ಬಡಿಯುವಂತಾಗಿದ್ದರು.

"ಕೊನೇ ಸಲ ಯಾವಾಗ ನೋಡಿದ್ರಿ ಆಂಟಿ?"

"ನಿನ್ನೆ ಸಂಜಿಮುಂದ. ಪೊರಿರುವಾ ಊರಿನ ಲೀಲಾ ಬಂದಿದ್ಲು. ಆಕಿಗೂ ಮೊಣಕಾಲ ನೋವು. ನಾಳೆ ಬಾ, ಅರ್ಧಾ ನೀನ ಒಯ್ಯಿ ಅಂದೆ."

ನಮ್ಮವರ ಗುಣವೇ ಅದು. ತಮಗೆ ನಾಟಿದ ಮದ್ದನ್ನು ಊರಿಗೆಲ್ಲ ಹಂಚದಿದ್ದರೆ ಸಮಾಧಾನವಿಲ್ಲ.

ವಂದನಾ ಆ ಮನೆಯ ಸೊಸೆ ಸ್ನೇಹಲ್ ಕಡೆ ತಿರುಗಿದಳು.

"ನಾತ ಹೊಡೀತದ ಅಂತ ಬೈದೀನಿ, ಖರೆ. ಮುಟ್ಟಿಲ್ಲ," ಎಂದಳು ಸ್ನೇಹಲ್.

"ಬಸವ ಅವ್ರೇ, ನೀವು?"

"ನಾನ್ಯಾಕ ತಗೊಳ್ಳಲಿ?" ಮಗ ಬಸವ ಉರಿದುಬಿದ್ದ. "ಅವ್ವನ್ನ ವೈದ್ಯರ ಕಡೆ ಕರಕೊಂಡು ಹೋಗಾಂವನೂ ನಾನ. ತಿಂಗಳಾ ರಕ್ತ ತೆಗಸಾಂವನೂ ನಾನ."

"ರಕ್ತ ಯಾಕೆ?"

"ಸುಮ್ನ... ಶುಗರ್ ನೋಡಾಕ."

"ನನಗ ಶುಗರ್ ಎಲ್ಲೈತೋ?" ಎಂದರು ತಾಯಿ.

ವಂದನಾ ಮುಗುಳ್ನಕ್ಕಳು. "ಡಬ್ಬಿ ತನ್ನಿ, ಬಸವ ಅವ್ರೇ."

ಅವಳು ಒಂದೊಂದೇ ಬೆರಳು ಮಡಚುತ್ತ ಲೆಕ್ಕ ಒಪ್ಪಿಸತೊಡಗಿದಳು.

"ಕಳ್ಳನಿಗೆ ಪುಡಿ ಮೇಲೆ ದ್ವೇಷ ಇದ್ದಿದ್ರೆ ಎಂದೋ ಎಸೀತಿದ್ದ. ಲೀಲಾ ಆಂಟಿಗೆ ಕೊಡ್ತೀನಿ ಅಂದ ಮೇಲೇ ಅದು ಮಾಯವಾಯ್ತು. ಅಂದ್ರೆ ಅವ್ರು ಅದನ್ನ ಕುಡೀಬಾರದು. ಯಾಕೆ? ಪೊಟ್ಟಣದಲ್ಲಿ ಬೇರೇನೋ ಇದೆ. ಏನು? ಶುಗರ್ ಇಲ್ಲದ ಅಮ್ಮನಿಗೆ ತಿಂಗಳು ತಿಂಗಳು ರಕ್ತಪರೀಕ್ಷೆ — ಅದನ್ನ ಯಾರೂ ಗಮನಿಸಲಿಲ್ಲ. ಆಸ್ಪತ್ರೆಯ ಆ ಸಂಧಿವಾತದ ಮಾತ್ರೆ ನುಂಗೋರಿಗೆ ಲಿವರ್ ಕೆಡ್ತಿದ್ಯಾ ಅಂತ ನೋಡೋಕೆ ಅದನ್ನ ಮಾಡಿಸ್ತಾರೆ."

ಬಸವ ತಲೆ ತಗ್ಗಿಸಿದ. "ಪೊಟ್ಟಣಕ್ಕೊಂದು ಮಾತ್ರಿ ಪುಡಿ ಮಾಡಿ ಹಾಕ್ತಿದ್ದೆ. ಲೀಲಾ ಆಂಟಿಗೆ ಹೋದ ವರ್ಷ ಕಾಮಾಲಿ ಆಗಿತ್ತು. ಹೆದರಿಕಿ ಆತು, ಡಬ್ಬಿ ಕಾರಿನಾಗ ಇಟ್ಟೆ."

"ಬೇರೂ ಮಾತ್ರೆಯೂ ಸೇರಿ ಅಮ್ಮನ ಲಿವರೇ ಕೆಟ್ಟಿದ್ರೆ? ಚೀನೀ ವೈದ್ಯರಿಗೆ ಮಾತ್ರೆ ಗೊತ್ತಿಲ್ಲ, ಡಾಕ್ಟರಿಗೆ ಬೇರು ಗೊತ್ತಿಲ್ಲ. ಗುಣ ಆಗಿದ್ದು ಯಾವುದರಿಂದ ಅಂತ ಈಗ ಯಾರು ಹೇಳ್ತಾರೆ?" ವಂದನಾಗೆ ನಿಜಕ್ಕೂ ಸಿಟ್ಟು ಬಂದಿತ್ತು.

ದ್ರಾಕ್ಷಾಯಣಿ ಮಗನನ್ನೇ ನೋಡುತ್ತಿದ್ದರು. "ನನಗ ಹೇಳಬೇಕಿತ್ತಲ್ಲೋ."

"ಹೇಳಿದ್ರ ನುಂಗತಿದ್ದೇನವ್ವಾ?"



"ಇಲ್ಲ," ಎಂದರು. "ಈಗ ಡಾಕ್ಟರ್ ಕಡೆ ನಡಿ. ಎಲ್ಲಾ ಹೇಳು. ಇನ್ನ ಮ್ಯಾಲ ಏನ ಕೊಡೂದಿದ್ರೂ ನನ್ನ ಕೈಯಾಗ ಕೊಡು. ಬಾಯಾಗ ಹಾಕ್ಕೊಳ್ಳೂದೋ ಬಿಡೂದೋ ನಾ ನೋಡ್ತೀನಿ."