ಯಾರ ಕೈಯ ಜಡೆ?

“ಈ ಜಡೆ ಯಾರ ಕೈಯದು?”

ಮೊರೆನಿಕೆ ಮಗಳ ಗಲ್ಲ ಹಿಡಿದು ಅವಳ ತಲೆಯನ್ನು ಅಡುಗೆಮನೆಯ ದೀಪದ ಕೆಳಕ್ಕೆ ತಿರುಗಿಸಿದಳು. ಒಲೆಯ ಮೇಲೆ ಜಾಲಫ್ ಅನ್ನ ತಳ ಹಿಡಿಯುತ್ತಿತ್ತು. ಹಿಡಿಯಲಿ! ಹುಟ್ಟಿದಾಗಿನಿಂದ ರಾಯೊಳ ತಲೆಗೆ ಸೋಕಿದ್ದು ಎರಡೇ ಜೋಡಿ ಕೈ. ಒಂದು ಹೆತ್ತವಳದು, ಇನ್ನೊಂದು ಲಂಡನ್ನಿನ ಪೆಕಮ್ಮಿನ ಅಂಗಡಿಬೀದಿಯಲ್ಲಿ ಜಡೆ ಹೆಣೆಯುವ ಅವರದೇ ಊರಿನ ಸಿಕಿರು ಆಂಟಿಯದು. ಸಿಕಿರು ಹೆಣೆದರೆ ನೆತ್ತಿಗಂಟಿದ ಸಾಲುಜಡೆಗಳು ಹಣೆಯಿಂದ ಹಿಂದಕ್ಕೆ ನೇರವಾಗಿ ಓಡುತ್ತವೆ. ಇವು ಕಿವಿಯ ಹತ್ತಿರ ಬಳುಕಿ, ಹಿಂದಲೆಯಲ್ಲಿ ಒಂದು ಸುತ್ತು ಸುತ್ತಿಕೊಂಡು ಕುತ್ತಿಗೆಗೆ ಇಳಿದಿದ್ದವು. ಒಂದೇ ಒಂದು ಕೂದಲು ಆಚೀಚೆ ಇರಲಿಲ್ಲ. ಅಷ್ಟು ಅಚ್ಚುಕಟ್ಟಾಗಿದ್ದುದೇ ಅವಳ ಹೊಟ್ಟೆಗೆ ಬೆಂಕಿ ಇಟ್ಟಿತು.

“ನಿನ್ನನ್ನೇ ಕಣೇ ಕೇಳ್ತಿರೋದು! ಯಾರು ಹೆಣೆದದ್ದು?”

“ಕಿಮಾರ್ ಅವರಜ್ಜಿ.”

“ಕಿಮಾರ್ ಯಾರು?”

ರಾಯೊ ಗೋಡೆ ನೋಡಿದಳು. “ನಮ್ಮ ಸ್ಕೂಲೇ... ನನ್ನ ಜೊತೆ ಓದ್ತಾನೆ.”

“ಜೊತೇಲಿ ಓದೋನ ಅಜ್ಜಿಗೆ ನಿನ್ನ ತಲೇಲೇನೇ ಕೆಲಸ? ಯಾವ ಊರೋರು?”

“ಜಮೈಕಾ... ಮಮ್ಮಿ, ಅವನು ತುಂಬಾ ಒಳ್ಳೆಯವನು. ನಾವಿಬ್ಬರೂ...”

“ನಾವಿಬ್ಬರೂ?” ಮೊರೆನಿಕೆಯ ಕೈಯಲ್ಲಿದ್ದ ಸೌಟು ಸಿಂಕಿಗೆ ಹಾರಿತು.

ಮೊರೆನಿಕೆಯ ಯೊರುಬಾ ಜನಕ್ಕೆ ತಲೆಯೆಂದರೆ ಬರೀ ತಲೆಯಲ್ಲ. ಹುಟ್ಟುವ ಮುಂಚೆ ತಾನೇ ಆರಿಸಿ ತಂದ ಹಣೆಬರಹ ಅದರೊಳಗಿರುತ್ತದೆ. ಅಂಥ ತಲೆಯನ್ನು ಕಂಡವರ ಮಡಿಲಲ್ಲಿಟ್ಟು ಗಂಟೆಗಟ್ಟಲೆ ಕೂತು ಬಂದಿದ್ದಳು ಮಗಳು! ಅದೂ ಲೈಬ್ರರಿಯಲ್ಲಿ ಓದುತ್ತಿದ್ದೇನೆಂದು ಸುಳ್ಳು ಹೇಳಿ. ಮೊರೆನಿಕೆ ಲಂಡನ್ನಿನ ಎರಡಂತಸ್ತಿನ ಬಸ್ಸು ಓಡಿಸುವವಳು. ಗಂಡ ಅಮೆರಿಕಕ್ಕೆ ಹೋಗಿ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಮೇಲೆ, ಸ್ಟಿಯರಿಂಗ್ ಹಿಡಿದ ಕೈಯಲ್ಲೇ ಸೌಟು ಹಿಡಿದು ಈ ಹುಡುಗಿಯನ್ನು ಬೆಳೆಸಿದ್ದಳು. ರಾಯೊ ಡಾಕ್ಟರಾಗಬೇಕು. ಅದರಲ್ಲಿ ಎರಡು ಮಾತೇ ಇರಲಿಲ್ಲ. ಶಾಲೆಯಲ್ಲಿ ಅವಳ ಅಂಕಗಳು ಒಂದಿಷ್ಟೂ ಇಳಿದಿರಲಿಲ್ಲ ಎಂಬುದು ಬೇರೆ ಮಾತು. ಕೋಪಕ್ಕೆ ಕಣ್ಣಿಲ್ಲ ಅನ್ನುತ್ತಾರೆ, ಲೆಕ್ಕವೂ ಬರುವುದಿಲ್ಲ.

ಮುಂದಿನ ಭಾನುವಾರ ಕಿಮಾರ್ ತಾನಾಗಿಯೇ ಬಂದ. ಕದ್ದುಮುಚ್ಚಿ ಓಡಾಡುವುದು ಬೇಡ, ನಿಮ್ಮಮ್ಮನ ಹತ್ತಿರ ನಾನೇ ಮಾತಾಡುತ್ತೇನೆ ಎಂದು ರಾಯೊಳಿಗೆ ಹೇಳಿದ್ದನಂತೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅಜ್ಜಿ ಮಾಡಿದ ಶುಂಠಿ ಕೇಕು. ಯೊರುಬಾ ಹುಡುಗನಾಗಿದ್ದರೆ ಹೊಸ್ತಿಲಲ್ಲೇ ಎದೆ ನೆಲಕ್ಕೆ ತಾಗುವಂತೆ ಅಡ್ಡಬೀಳುತ್ತಿದ್ದ. ಇವನು ಕಂಬದ ಹಾಗೆ ನೆಟ್ಟಗೆ ನಿಂತು, ಬಾಯಿತುಂಬ ನಕ್ಕು, ಕೈ ಚಾಚಿದ.

“ಗುಡ್ ಆಫ್ಟರ್‌ನೂನ್, ಮಿಸ್ ಮೊರೆನಿಕೆ.”

ಹೆಸರು ಹಿಡಿದು ಕರೆದ! ರಾಯೊ ಹುಟ್ಟಿದ ದಿನದಿಂದ ಅವಳು ತನ್ನ ಜನಕ್ಕೆಲ್ಲ ‘ರಾಯೊಳಮ್ಮ’. ಒಡಹುಟ್ಟಿದ ತಂಗಿ ಕೂಡ ಅವಳ ಹೆಸರೆತ್ತುವುದಿಲ್ಲ. ನಿನ್ನೆ ಮೊನ್ನೆ ಮೀಸೆ ಚಿಗುರಿದ ಈ ಹುಡುಗ...

“ಏನಂದೆ? ಇನ್ನೊಂದ್ಸಲ ಹೇಳು.”

“ಮಿಸ್... ಮೊರೆನಿಕೆ?” ಕಿಮಾರನ ನಗು ಅರ್ಧಕ್ಕೇ ನಿಂತಿತು. “ನಮ್ಮ ಕಡೆ ದೊಡ್ಡೋರನ್ನ ಹಾಗೇ ಕರೆಯೋದು. ಮರ್ಯಾದೆಗೆ.”

“ನಿಮ್ಮ ಕಡೆ! ಯಾವುದಪ್ಪಾ ನಿಮ್ಮ ಕಡೆ? ನಿಮ್ಮ ಮುತ್ತಜ್ಜನ ಅಜ್ಜನ ಊರು ಯಾವುದು, ಹೇಳು ನೋಡೋಣ. ಬೇರಿಲ್ಲದ ಜನ! ದೊಡ್ಡೋರ ಮುಂದೆ ಬೆನ್ನು ಬಗ್ಗಿಸೋದನ್ನೂ ಕಲಿಸಿಲ್ಲ ನಿನಗೆ. ಅಂಥೋನು ನನ್ನ ಮಗಳ ಹಿಂದೆ ಸುತ್ತೋಕೆ ಬಂದ!”

“ಮಮ್ಮಿ, ಸಾಕು!” ಒಳಗಿನಿಂದ ರಾಯೊ ಚೀರಿದಳು.

ಕಿಮಾರ್ ಕೇಕಿನ ಡಬ್ಬವನ್ನು ಮೆಟ್ಟಿಲ ಮೇಲಿಟ್ಟ. “ಊರು ಗೊತ್ತಿಲ್ಲ, ನಿಜ. ನಮ್ಮೋರನ್ನ ಗುಲಾಮರು ಮಾಡಿ ಹಡಗು ಹತ್ತಿಸಿದಾಗ ಯಾರೂ ಊರಿನ ಹೆಸರು ಬರೆದು ಕೊಡಲಿಲ್ಲ. ಹಡಗಿನೋರ ಕೈಗೆ ಹಿಡಿದು ಕೊಟ್ಟೋರು ಯಾರು ಅಂತ ನಮ್ಮಜ್ಜಿ ಆಗಾಗ ಹೇಳ್ತಿರ್ತಾಳೆ... ಅದನ್ನ ನಿಮ್ಮ ಮನೆ ಬಾಗಿಲಲ್ಲಿ ನಿಂತು ಹೇಳಬಾರದು. ಬರ್ತೀನಿ.”

ಕದ ಧಡಾರನೆ ಮುಚ್ಚಿತು. ಕೇಕು ಕಸದ ಡಬ್ಬಿ ಸೇರಿತು. ಅವತ್ತೇ ಮೊರೆನಿಕೆ ಮನಸ್ಸಿನಲ್ಲಿ ಒಂದು ನಿರ್ಧಾರ ಮಾಡಿದಳು. ಮಗಳಿಗೆ ಮಾತ್ರ ಹೇಳಲಿಲ್ಲ.

ಬೇಸಿಗೆ ರಜೆ ಮುಗಿಯುತ್ತಾ ಬಂದಾಗ ಅಮ್ಮ ಮಗಳು ತಮ್ಮೂರು ಇಬಾದಾನಿಗೆ ಹೊರಟರು. ಮೊರೆನಿಕೆಯ ತಾಯಿ ಅಬೆಕೆ ಅಜ್ಜಿಯ ಎಪ್ಪತ್ತೈದನೆಯ ಹುಟ್ಟುಹಬ್ಬ. ಮನೆತನದವರೆಲ್ಲ ಒಂದೇ ಬಣ್ಣದ ಬಟ್ಟೆ ಉಡಬೇಕೆಂದು ನೀಲಿ ಲೇಸು ಬಂದಿತ್ತು, ರಾಯೊಳಿಗೂ ಹೊಲಿಸಿದ್ದಾಯಿತು. ಹೊರಡುವ ಹಿಂದಿನ ದಿನ ಮೊರೆನಿಕೆ ಮಗಳ ಜಡೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದಳು. ಮತ್ತೆ ಹೆಣೆಯಲಿಲ್ಲ. “ಅಲ್ಲೇ ಹೆಣೆಸೋಣ ಬಿಡು,” ಅಂದಳು. ಸಮಾರಂಭಕ್ಕೆ ಹೊರಟ ಹುಡುಗಿಯನ್ನು ತಲೆ ಹೆಣೆಯದೆ ಯಾವ ತಾಯಿ ಕರೆದೊಯ್ಯುತ್ತಾಳೆ? ರಾಯೊ ಆಗಲೇ ಅನುಮಾನಪಡಬೇಕಿತ್ತು. ಆದರೆ ಮಕ್ಕಳು ಹೆತ್ತವರನ್ನು ನಂಬುತ್ತಾರೆ, ಪಾಪ!

ಹುಟ್ಟುಹಬ್ಬ ಗಡದ್ದಾಗಿ ನಡೆಯಿತು. ಡೋಲು, ಕುಣಿತ, ಮೂರು ಬಗೆಯ ಮಾಂಸ. ರಾಯೊಳ ಹೆಣೆಯದ ತಲೆಗೆ ನೀಲಿ ವಸ್ತ್ರ ಬಿಗಿದದ್ದಾಯಿತು. ಮಾರನೆಯ ಬೆಳಿಗ್ಗೆ ರಾಯೊ ಕಣ್ಣುಜ್ಜುತ್ತಾ ಜಗುಲಿಗೆ ಬಂದಳು. ಅಲ್ಲೊಂದು ಕುರ್ಚಿ ಹಾಕಿತ್ತು. ಕುರ್ಚಿಯ ಮೇಲೆ ಮಡಿಚಿಟ್ಟ ಹಸಿರು ಚೌಕಳಿ ಯೂನಿಫಾರಂ. ಪಕ್ಕದಲ್ಲಿ ಕತ್ತರಿ ಹಿಡಿದು ನಿಂತ ಅಮ್ಮ.

“ಇದೇನು ಮಮ್ಮಿ? ನಾಡಿದ್ದು ನಮ್ಮ ಫ್ಲೈಟ್ ಅಲ್ವಾ?”

“ನನ್ನದು. ನಿನ್ನದಲ್ಲ. ನಾಳೆ ನಿನ್ನನ್ನ ಹಾಸ್ಟೆಲ್ ಶಾಲೆಗೆ ಸೇರಿಸ್ತೀನಿ. ಅಲ್ಲಿ ಹುಡುಗೀರು ಕೂದಲು ಸಣ್ಣಗೆ ಕತ್ತರಿಸ್ಕೊಂಡೇ ಒಳಗೆ ಹೋಗಬೇಕು. ಕೂತ್ಕೋ.”

“ನನ್ನ ಪರೀಕ್ಷೆ? ನನ್ನ ಸ್ಕೂಲು?” ಹುಡುಗಿ ಕುರ್ಚಿಯಿಂದ ಹಿಂದೆ ಸರಿದಳು. “ಸುಳ್ಳು ಹೇಳಿ ಕರ್ಕೊಂಡು ಬಂದ್ಯಾ ನನ್ನ?”

“ಸುಳ್ಳು ಹೇಳೋದನ್ನ ನಿನ್ನಿಂದ್ಲೇ ಕಲಿತೆ ಕಣೇ! ಲೈಬ್ರರಿ, ಲೈಬ್ರರಿ ಅಂತಿದ್ಯಲ್ಲ! ಅಲ್ಲಿ ಇದ್ರೆ ನೀನು ಡಾಕ್ಟರಾಗಲ್ಲ, ಆ ಹುಡುಗನ ಮಗೂಗೆ ಅಮ್ಮ ಆಗ್ತೀಯ. ಎರಡು ವರ್ಷ ಇಲ್ಲಿರು. ಯಾರ ಮುಂದೆ ಮಂಡಿ ಊರಬೇಕು, ಯಾರ ಕೈಗೆ ತಲೆ ಕೊಡಬೇಕು ಅನ್ನೋದು ಗೊತ್ತಾಗುತ್ತೆ.”

ಗಲಾಟೆ ಕೇಳಿ ಅಬೆಕೆ ಅಜ್ಜಿ ಕೋಲೂರಿಕೊಂಡು ಹೊರಬಂದಳು. ಅವಳಿಗೂ ಇದು ಗೊತ್ತಿರಲಿಲ್ಲ. ಯೂನಿಫಾರಂ ನೋಡಿದಳು, ಕತ್ತರಿ ನೋಡಿದಳು. ಮುಖ ಕಪ್ಪಿಟ್ಟಿತು.

“ನನ್ನ ಹುಟ್ಟುಹಬ್ಬದ ನೆವ ಮಾಡ್ಕೊಂಡು ಮಗೂನ ಬಲೆಗೆ ಕೆಡವಿದ್ಯಾ? ತಾಯಿಯಿಂದ ದೂರ ಇಟ್ಟು ಏನು ಕಲಿಸ್ತೀಯ ಇದಕ್ಕೆ?”

ಅಷ್ಟೇ! ಇಷ್ಟು ವರ್ಷ ಮೊರೆನಿಕೆಯ ಎದೆಯಲ್ಲಿ ಕುದಿಯುತ್ತಿದ್ದದ್ದು ಉಕ್ಕಿ ಒಲೆಯನ್ನೇ ಆರಿಸಿತು.

“ನೀವು ಈ ಮಾತಾಡ್ತೀರಾ? ನೀವು! ಮೂರು ತಿಂಗಳ ಕೂಸನ್ನ ಹೇಸ್ಟಿಂಗ್ಸ್ ಊರಿನ ಬಿಳಿ ಹೆಂಗಸಿನ ಕೈಗಿಟ್ಟು ಲಂಡನ್ನಲ್ಲಿ ನರ್ಸಿಂಗ್ ಓದೋಕೆ ಹೋದೋರು ಯಾರು? ಒಂಬತ್ತು ವರ್ಷ ಮಾ, ಒಂಬತ್ತು ವರ್ಷ! ಆಯಮ್ಮನಿಗೆ ನನ್ನ ತಲೆ ಬಾಚೋಕೆ ಬರ್ತಿರಲಿಲ್ಲ. ಬಾಚಣಿಗೆ ಮುರಿದಾಗಲೆಲ್ಲ ಅಡುಗೆಮನೆ ಕತ್ತರಿ ತಗೊಂಡು ಕಚಕಚ ಕತ್ತರಿಸೋಳು. ಬೀದಿ ಮಕ್ಕಳೆಲ್ಲ ಗಂಡುಹುಡುಗ, ಗಂಡುಹುಡುಗ ಅಂತ ಅಟ್ಟಿಸ್ಕೊಂಡು ಬರೋರು... ಅದಕ್ಕೇ, ಅದಕ್ಕೇ ನನ್ನ ಮಗಳ ತಲೆ ಪರರ ಕೈಗೆ ಕೊಡಲ್ಲ ಅಂತ ಆಣೆ ಮಾಡ್ಕೊಂಡಿದ್ದೆ ನಾನು!”

ರಾಯೊ ಅಮ್ಮನನ್ನೇ ನೋಡಿದಳು. ಈ ಕಥೆಯನ್ನು ಅವಳು ಎಂದೂ ಕೇಳಿರಲಿಲ್ಲ.

ಮುದುಕಿ ಅಳಲಿಲ್ಲ. “ಕೊಟ್ಟೆ. ಆಗ ಓದೋಕೆ ಹೋದ ಎಷ್ಟೋ ಜನ ಹಾಗೇ ಕೊಟ್ಟರು. ಕೈಯಲ್ಲಿ ಕೂಸಿದ್ರೆ ರೂಮು ಸಿಗ್ತಿರಲಿಲ್ಲ, ಕೆಲಸ ಸಿಗ್ತಿರಲಿಲ್ಲ. ನಾನು ನಿನ್ನ ಕರ್ಕೊಂಡು ಹೋಗೋಕೆ ಬಂದಾಗ ನೀನು ಅವಳ ಲಂಗದ ಹಿಂದೆ ಅವಿತುಕೊಂಡೆ. ಇವತ್ತಿಗೂ ಪೂರ್ತಿ ಹೊರಗೆ ಬಂದಿಲ್ಲ ನೀನು. ಬಂದಾಗಲೆಲ್ಲ ನನ್ನ ಮುಂದೆ ಮಂಡಿ ಊರ್ತೀಯ, ತಪ್ಪಿಸಲ್ಲ. ಆದ್ರೆ ಒಂದ್ಸಲವೂ ನನ್ನ ಹತ್ರ ಕೂತು ಅತ್ತಿಲ್ಲ. ಮಂಡಿ ಊರೋದನ್ನ ಶಾಲೆ ಕಲಿಸುತ್ತೆ ಕಣಮ್ಮ. ಇನ್ನೊಂದನ್ನ ಯಾವ ಶಾಲೇಲೂ ಕಲಿಸಲ್ಲ.”

ರಾಯೊ ಯೂನಿಫಾರಮ್ಮನ್ನು ಎತ್ತಿ ನೆಲಕ್ಕಿಟ್ಟು, ಕುರ್ಚಿಯ ಮೇಲೆ ಕೂತಳು. ಬೆನ್ನು ನೆಟ್ಟಗಿತ್ತು. ಅಮ್ಮ ಅಜ್ಜಿಯನ್ನು ಕರೆದ ಹಾಗೆಯೇ ಅವಳೂ ಅಮ್ಮನನ್ನು ಕರೆದಳು, ದನಿಯಲ್ಲಿ ಮಗಳು ಇರಲಿಲ್ಲ.

“ಕತ್ತರಿಸಿ, ಮಾ. ಒಂದು ಮಾತು ಮಾತ್ರ ನೆನಪಿಟ್ಕೊಳ್ಳಿ. ನೀವು ಕರ್ಕೊಂಡು ಹೋಗೋಕೆ ಬಂದಾಗ ನಾನೂ ಯಾರ ಹಿಂದಾದ್ರೂ ಅವಿತುಕೊಂಡಿರ್ತೀನಿ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸಿಟ್ಟು ಎತ್ತಿದ ಕೈಯನ್ನು ಸುಮ್ಮನೆ ಇಳಿಸಲು ಬಿಡುವುದಿಲ್ಲ. “ಹೆದರಿಸ್ತೀಯೇನೇ ನನ್ನ?” ಎನ್ನುತ್ತಾ ಮೊರೆನಿಕೆ ಕತ್ತರಿ ಹಾಕಿಯೇ ಬಿಟ್ಟಳು! ತಾನೇ ಎಣ್ಣೆ ಹಚ್ಚಿ, ತಾನೇ ಸಿಕ್ಕು ಬಿಡಿಸಿ ಬೆಳೆಸಿದ ಕೂದಲು ಹಿಡಿಹಿಡಿಯಾಗಿ ಜಗುಲಿಗೆ ಬಿತ್ತು. ಎಡಭಾಗ ಮುಗಿಯಿತು. ತುಣುಕು ಕೂದಲು ಕೊಡವಲೆಂದು ಮೊರೆನಿಕೆ ಮಗಳ ತಲೆಯ ಮೇಲೆ ಅಂಗೈಯಾಡಿಸಿದಳು. ಏರುಪೇರಾದ ಮೋಟುಕೂದಲು ಅಂಗೈಗೆ ಚುಚ್ಚಿತು. ಈ ತಲೆ ಅವಳಿಗೆ ಗೊತ್ತಿತ್ತು! ಹೇಸ್ಟಿಂಗ್ಸಿನ ಆ ಮನೆಯ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು, ತನ್ನ ಆರು ವರ್ಷದ ಕೈಯಿಂದ ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡಿದ್ದ ತಲೆ ಇದೇ... ಅಯ್ಯೋ, ಇದೇ!

ಕತ್ತರಿ ಕೈಯಿಂದ ಜಾರಿತು. ಅರ್ಧ ಕತ್ತರಿಸಿದ ತಲೆಯನ್ನು ಹಾಗೇ ಬಿಡುವಂತಿರಲಿಲ್ಲ. ಉಳಿದರ್ಧವನ್ನು ಅಬೆಕೆ ಅಜ್ಜಿ ಸಮಮಾಡಿದಳು. ಹಸಿರು ಯೂನಿಫಾರಂ ಜಗುಲಿಯಲ್ಲೇ ಉಳಿಯಿತು. ಇಬ್ಬರೂ ಒಂದೇ ವಿಮಾನದಲ್ಲಿ ಲಂಡನ್ನಿಗೆ ವಾಪಸಾದರು.

ವಾಪಸಾದರೆ ಎಲ್ಲ ಸರಿಹೋಯಿತೇ? ಮುರಿದ ಮಡಕೆ ಮನೆಗೆ ತಂದರೆ ನೀರು ನಿಲ್ಲುತ್ತದೆಯೇ? ರಾಯೊ ಶಾಲೆಗೆ ಹೋದಳು, ಬಂದಳು, ಬಡಿಸಿದ್ದನ್ನು ಉಂಡಳು. ತಲೆಗೆ ಬಿಗಿದ ವಸ್ತ್ರವನ್ನು ಅಮ್ಮನ ಎದುರು ಬಿಚ್ಚಲಿಲ್ಲ. ಅಮ್ಮನ ಜೊತೆ ಒಂದು ಮಾತೂ ಆಡಲಿಲ್ಲ. ಮೊರೆನಿಕೆ ಬಸ್ಸಿನಲ್ಲಿ ಸಿಕ್ಕಸಿಕ್ಕವರ ಮೇಲೆಲ್ಲ ಹರಿಹಾಯ್ದಳು. ತನ್ನ ಮೇಲಿನ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ಅವಳಿಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಯಾರೋ ಬಾಗಿಲು ಒಡೆದುಹೋಗುವಂತೆ ಬಡಿದರು. ತೆರೆದರೆ, ಚರ್ಚಿಗೆ ಹೋಗುವ ಟೋಪಿ ಇಟ್ಟುಕೊಂಡ ಎತ್ತರದ ಮುದುಕಿ. ಹಿಂದೆ ಒಂದು ಮೆಟ್ಟಿಲು ಕೆಳಗೆ ಕಿಮಾರ್, “ಅಜ್ಜಿ, ಬೇಡ, ಬಾ” ಎಂದು ತೋಳು ಜಗ್ಗುತ್ತಿದ್ದ. ಅಜ್ಜಿ ಜಗ್ಗಲಿಲ್ಲ.

“ಮಿಸ್ ಮೊರೆನಿಕೆ ಅಂದ್ರೆ ನೀವೇನಾ? ನಾನು ವರ್ನಾ. ಎಳೆ ಎಳೆ ಎಣಿಸಿ ಹೆಣೆದು ಕಳಿಸಿದ್ದೆ ಆ ಮಗೂನ. ಕುರಿ ತುಪ್ಪಟ ಕತ್ತರಿಸಿದ ಹಾಗೆ ಮಾಡಿ ಕಳಿಸಿದ್ದಾರಂತೆ! ಇವನು ಊಟ ಬಿಟ್ಟು ಕೂತಿದ್ದಾನೆ. ನನ್ನನ್ನ ಬೈರಿ, ನಮ್ಮ ಜನಾನ ಬೈರಿ, ನನಗೂ ಬಾಯಿದೆ. ಆದ್ರೆ ಹೆಣ್ಣುಮಗು ತಲೆ! ಯಾರ್ರೀ ಅದಕ್ಕೆ ಕತ್ತರಿ ಹಾಕಿದೋರು?”

ಅಷ್ಟು ಸಿಟ್ಟಿನಲ್ಲೂ ಮುದುಕಿ ಆ ‘ಮಿಸ್’ ಬಿಟ್ಟಿರಲಿಲ್ಲ. ತನಗಿಂತ ಚಿಕ್ಕವಳಿಗೆ ಕೂಡ!

“ನಾನೇ,” ಅಂದಳು ಮೊರೆನಿಕೆ. “ನೀವು ಹೆಣೆದದ್ದು ತುಂಬಾ ಚೆನ್ನಾಗಿತ್ತು... ಅದನ್ನೇ ನನ್ನ ಕೈಲಿ ತಡ್ಕೊಳ್ಳೋಕಾಗ್ಲಿಲ್ಲ.”

ಅಷ್ಟು ಹೇಳಿ, ಹೊಸ್ತಿಲ ಮೇಲೆ ಎರಡೂ ಮಂಡಿ ಊರಿ, ತಲೆ ತಗ್ಗಿಸಿದಳು.

“ಅಯ್ಯೋ ದೇವರೇ, ಬಿದ್ದೇಬಿಟ್ಟಳು!” ವರ್ನಾ ಚೀಲ ಬಿಸಾಕಿ ಅವಳ ಕಂಕುಳಿಗೆ ಕೈಹಾಕಿದಳು. “ಕಿಮಾರ್, ಓಡಿ ಬಾರೋ! ಬಿ.ಪಿ. ಇರಬೇಕು ಇವಳಿಗೆ, ನೀರು ತಗೊಂಬಾ!”

“ಎತ್ತಬೇಡಿ, ಮಿಸ್ ವರ್ನಾ.”

ಒಳಮೆಟ್ಟಿಲ ಮೇಲೆ ರಾಯೊ ನಿಂತಿದ್ದಳು. ಊರಿನಿಂದ ಬಂದ ಮೇಲೆ ಆ ಮನೆಯಲ್ಲಿ ಅವಳ ದನಿ ಕೇಳಿದ್ದು ಅದೇ ಮೊದಲು.

“ಬಿದ್ದಿಲ್ಲ ಅವರು. ದೊಡ್ಡೋರು ಬಂದ್ರೆ ನಮ್ಮಲ್ಲಿ ಹಾಗೇ.”

ವರ್ನಾ ಕೈ ತೆಗೆದು ತಬ್ಬಿಬ್ಬಾಗಿ ನೋಡಿದಳು. “ಹೀಗೇನಾ? ಎಷ್ಟು ಹೊತ್ತು?”

“ನೀವು ಏಳು ಅನ್ನೋವರೆಗೂ.”

ಮುದುಕಿ ಟೋಪಿ ಸರಿಮಾಡಿಕೊಂಡಳು. “ಹಾಗಾದ್ರೆ ಇರಲಿ ಸ್ವಲ್ಪ ಹೊತ್ತು,” ಅಂದಳು. “ನನ್ನ ಸಿಟ್ಟು ಇನ್ನೂ ಇಳಿದಿಲ್ಲ.”

ಮೊರೆನಿಕೆ ಹಾಗೇ ಇದ್ದಳು. ರಾಯೊ ಕೆಳಗಿಳಿದು ಬಂದು ಅಮ್ಮನ ಪಕ್ಕದಲ್ಲಿ ಮಂಡಿ ಊರಿದಳು. ತಲೆಯ ವಸ್ತ್ರ ಸಡಿಲವಾಗಿ ಭುಜಕ್ಕೆ ಜಾರಿತು. ಮೊರೆನಿಕೆಯ ಕೈ ತಾನಾಗಿಯೇ ಆ ಮೋಟು ತಲೆಯತ್ತ ಎದ್ದಿತು, ಅರ್ಧ ದಾರಿಯಲ್ಲಿ ಹೆದರಿ ನಿಂತಿತು. ಮಗಳು ಅಮ್ಮನ ಮುಖ ನೋಡಲಿಲ್ಲ. ತಲೆಯನ್ನು ಮಾತ್ರ ಆ ಕೈಯ ಕಡೆಗೆ ಬಾಗಿಸಿದಳು.